ತುಕ್ಕು ಹಚ್ಚುವ ಕೆಲಸ

ಕಾಪುವಿನ ಉಮಾನಾಥ ಮೆಂಡನ್ ಬದುಕಿಡೀ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ತುಕ್ಕು ತೆಗೆಯುವುದು. ಮೀಸೆ ಸರಿಯಾಗಿ ಮೂಡುವ ಮೊದಲೇ ಮುಂಬಯಿಗೆ ಹೋಗಿ ಹಡಗು ಹತ್ತಿದವನು ಸರಕಿನ ಹಡಗುಗಳಲ್ಲೇ ತಲೆ ನರೆಸಿಕೊಂಡ. ಸುತ್ತಿಗೆಯಿಂದ ಕುಟ್ಟಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಬಳಿದು, ಮೇಲೆ ಬಣ್ಣ ಕೊಟ್ಟು ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿಯಲ್ಲಿ ತುಕ್ಕು ಎದ್ದಿರುತ್ತಿತ್ತು. ಕೊನೆಯ ಕೆಲವು ವರ್ಷ ಅವನು ಬೋಸನ್ ಆಗಿದ್ದ. ಬೋಸನ್ ಅಂದರೆ ಡೆಕ್ಕಿನ ಆಳುಗಳಿಗೆ ಮೇಸ್ತ್ರಿ. ಅವನ ಹಡಗಿನ ಕಂಬಿಗೆ ಕೈ ಒರೆಸಿದರೆ ಬಿಳಿ ಕೈಗವಸು ಬಿಳಿಯಾಗಿಯೇ ಉಳಿಯುತ್ತದೆ ಎಂದು ಕ್ಯಾಪ್ಟನ್‌ಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವನಿಗೆ ಅದೇ ದೊಡ್ಡ ಸನ್ಮಾನ.

ನಿವೃತ್ತನಾಗಿ ಊರಿಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಕಡಲಿನಿಂದ ಕೂಗಿದರೆ ಕೇಳುವಷ್ಟು ದೂರದ ಮನೆ. ಉಪ್ಪಿನ ಗಾಳಿಗೆ ಗೇಟು, ಕಿಟಕಿಯ ಸರಳು, ಬಾವಿಯ ರಾಟೆ ಎಲ್ಲವೂ ಕೆಂಪಾಗುತ್ತಿದ್ದವು. ಶ್ರಾವಣದಲ್ಲಿ ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಅವನು ಗೇಟನ್ನು ಕಳಚಿ ಅಂಗಳದಲ್ಲಿ ಮಲಗಿಸಿ ಉಜ್ಜುತ್ತಿದ್ದಾಗ ಹೆಂಡತಿ ಚಂಪಾ ಒಳಗಿನಿಂದ ಫೋನು ತಂದು ಕೊಟ್ಟಳು.

"ಶಿರ್ವದ ಮೌರಿಸಣ್ಣ," ಎಂದಳು ಮೆಲ್ಲಗೆ.

ಉಮಾನಾಥ ಕೈಯ ಧೂಳನ್ನು ಲುಂಗಿಗೆ ಒರೆಸಿಕೊಂಡು ಸ್ವಲ್ಪ ತಡೆದೇ ಫೋನು ಕಿವಿಗಿಟ್ಟ.

"ಬೋಸನ್, ಹಡಗು ತಯಾರಾಯಿತು," ಎಂದ ಮೌರಿಸ್, ಹೇಗಿದ್ದೀಯ ಏನು ಎತ್ತ ಒಂದೂ ಇಲ್ಲದೆ. "ಬಣ್ಣ ಮಾತ್ರ ಬಾಕಿ ಉಂಟು. ನೀನು ಬರಬೇಕು."

"ಯಾವ ಹಡಗು?" ಎಂದು ಕೇಳಿದ ಉಮಾನಾಥ, ಗೊತ್ತಿದ್ದೂ.

"ಎಸ್ಟೆಲ್ಲಾ ಮೇ."

ಆ ಹೆಸರನ್ನು ಉಮಾನಾಥ ಮೂರು ವರ್ಷದಿಂದ ಬಾಯಲ್ಲಿ ಹೇಳಿರಲಿಲ್ಲ.

ಮೌರಿಸ್ ಹಡಗಿನ ಫಿಟ್ಟರ್ ಆಗಿದ್ದವನು. ಪ್ರಾಯದಲ್ಲಿ ಇಬ್ಬರೂ ಒಂದೇ ಹಡಗುಗಳಲ್ಲಿ ದುಡಿದವರು. ಒಬ್ಬ ಕೆಳಗೆ ಇಂಜಿನ್ ಬಿಸಿಯಲ್ಲಿ, ಇನ್ನೊಬ್ಬ ಮೇಲೆ ಬಿಸಿಲಲ್ಲಿ. ಮೌರಿಸ್ ಬೇಗ ಊರಿಗೆ ಬಂದು, ಶಿರ್ವದಲ್ಲಿ ಮನೆ ಕಟ್ಟಿ, ಬಿಡುವಿನಲ್ಲಿ ತಗಡು, ಹಿತ್ತಾಳೆ, ಮರದ ತುಂಡು ಸೇರಿಸಿ ಪುಟ್ಟ ಹಡಗುಗಳನ್ನು ಮಾಡುತ್ತಿದ್ದ. ತಾನು ದುಡಿದ ಹಡಗುಗಳೇ ಎಲ್ಲ, ಅಳತೆ ತಪ್ಪದ ಹಾಗೆ. ಅವನ ಒಬ್ಬನೇ ಮಗ ಶೆಲ್ಡನ್ ತಾನೂ ಕಡಲಿಗೇ ಹೋಗುತ್ತೇನೆಂದು ಹಟ ಹಿಡಿದು ತರಬೇತಿ ಮುಗಿಸಿದಾಗ, "ನಿನ್ನ ಕಣ್ಣೆದುರು ಇರಲಿ ಮಾರಾಯ," ಎಂದು ಮೌರಿಸ್ ಉಮಾನಾಥನಿಗೆ ಹೇಳಿದ್ದ. ಕಂಪನಿಯವರೂ ಒಪ್ಪಿದರು. ಶೆಲ್ಡನ್ ಉಮಾನಾಥನ ಕೈಕೆಳಗೆ ಎಸ್ಟೆಲ್ಲಾ ಮೇ ಹಡಗು ಹತ್ತಿದ. ಎರಡನೆಯ ಸಲ ಹೋದಾಗ, ಆಫ್ರಿಕದ ತೆಂಕಣ ತುದಿಯ ಕೆಳಗೆ, ಅಲ್ಲಿನ ಚಳಿಗಾಲದ ಒಂದು ಮಧ್ಯಾಹ್ನ, ಕಡಲು ಅವನನ್ನು ಡೆಕ್ಕಿನಿಂದ ಎತ್ತಿಕೊಂಡು ಹೋಯಿತು. ದೇಹ ಸಿಗಲಿಲ್ಲ.

ಅವನ ಬ್ಯಾಗನ್ನು ಶಿರ್ವದ ಮನೆಗೆ ಮುಟ್ಟಿಸಿದವನು ಉಮಾನಾಥನೇ. ತಾಯಿ ರೋಸಿ ಬ್ಯಾಗನ್ನು ಎರಡೂ ಕೈಯಿಂದ ತೆಗೆದುಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಕಂಪನಿಯ ಕಾಗದ ಮೊದಲೇ ಬಂದಿತ್ತಾದ್ದರಿಂದ ಮೌರಿಸ್ ಏನೂ ಕೇಳಲಿಲ್ಲ. ಮುಂದಿಟ್ಟ ಚಾ ಆರಿತು. ಉಮಾನಾಥ ಎದ್ದು ಬಂದ. ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಶಿರ್ವದ ಆಚೆ ಮದುವೆ ಮುಂಜಿ ಇದ್ದರೂ ಬೇರೆ ದಾರಿ ಹಿಡಿದು ಸುತ್ತಿಕೊಂಡು ಹೋಗುತ್ತಿದ್ದ.

"ಎಂತ ಹೇಳಿದರು?" ಎಂದಳು ಚಂಪಾ.

ಅವನು ಹೇಳಿದ.

"ಹೋಗಿ ಬನ್ನಿ. ಕರೆದದ್ದು ಅವರಲ್ವಾ? ಇನ್ನೂ ಹೋಗದಿದ್ದರೆ ಅದು ಮನುಷ್ಯತ್ವ ಅಲ್ಲ."

*

ಮಾರನೆಯ ದಿನ ಕಾಪುವಿನಿಂದ ಶಿರ್ವದ ಬಸ್ಸು ಹಿಡಿದ. ಬಾಗಿಲು ತೆರೆದವಳು ರೋಸಿ. ಕೂದಲು ಪೂರಾ ಬೆಳ್ಳಗಾಗಿತ್ತು. ಮುಂಗೈಯಲ್ಲಿ ಹಿಟ್ಟು ಮೆತ್ತಿತ್ತು. ಸುತ್ತಿನ ಊರುಗಳ ಮದುವೆ, ಹುಟ್ಟುಹಬ್ಬಗಳಿಗೆ ಅವಳು ಮನೆಯಲ್ಲೇ ಕೇಕು ಮಾಡಿ ಕೊಡುತ್ತಿದ್ದಳು, ಅದನ್ನು ನಿಲ್ಲಿಸಿರಲಿಲ್ಲ.

"ಬನ್ನಿ ಉಮಾನಾಥಣ್ಣ. ಅವರು ಶೆಡ್ಡಿನಲ್ಲಿ ಇದ್ದಾರೆ," ಎಂದು ಕೈ ತೋರಿಸಿ ಅಡುಗೆಮನೆಗೆ ಹೊರಟುಹೋದಳು.

ಮನೆಯ ಮಗ್ಗುಲಿಗೆ, ಹಿಂದೆ ಕಾರು ನಿಲ್ಲಿಸುತ್ತಿದ್ದ ಶೆಡ್ಡೇ ಈಗ ಮೌರಿಸನ ಕೆಲಸದ ಜಾಗ. ಅಡುಗೆಮನೆಯ ಕಿಟಕಿ ಅದರ ಕಡೆಗೇ ತೆರೆಯುತ್ತಿತ್ತು. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತ. ಮೇಜಿನ ಮೇಲೆ, ಚಾಚಿದ ತೋಳಿಗಿಂತ ಉದ್ದಕ್ಕೆ, ಎಸ್ಟೆಲ್ಲಾ ಮೇ ನಿಂತಿತ್ತು. ಬಣ್ಣ ಕಾಣದ ಬರೀ ಮರ, ತಗಡು, ಬೆಸುಗೆಯ ಕಲೆಗಳು. ಆದರೂ ಗುರುತು ಹತ್ತಲು ಅರೆಕ್ಷಣ ಬೇಕಾಗಲಿಲ್ಲ. ಸರಕಿನ ಐದು ಗುಂಡಿಗಳ ಮುಚ್ಚಳ, ನಡುನಡುವೆ ನಾಲ್ಕು ಕ್ರೇನು, ಹಿಂದುಗಡೆ ಮನೆಯಂತೆ ಎದ್ದ ಕೋಣೆಗಳ ಅಂತಸ್ತು, ಅದರ ಹಿಂದೆ ಹೊಗೆಕೊಳವೆ. ಸುತ್ತಲೂ ಕೂದಲೆಳೆಯಂಥ ಹಿತ್ತಾಳೆಯ ಕಂಬಿಬೇಲಿ.

"ಎಲ್ಲ ಸರಿ ಉಂಟಾ?" ಎಂದ ಮೌರಿಸ್. ಅವನ ಕಣ್ಣು ಉಮಾನಾಥನ ಮುಖದ ಪಕ್ಕಕ್ಕೆಲ್ಲೋ ನೆಟ್ಟಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಮಣಿಪಾಲದಲ್ಲಿ ಇಂಜೆಕ್ಷನ್ ಕೊಡಿಸಿಕೊಂಡು ಬರುತ್ತಿದ್ದನಂತೆ. "ಆಕಾರ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಬಣ್ಣ ಮಾತ್ರ ಹೋಯಿತು. ಕೆಂಪು, ಕಂದು, ಹಸಿರು ಎಲ್ಲ ಕೆಸರಿನ ಹಾಗೆ ಒಂದೇ. ಅದಕ್ಕೆ ನಿನ್ನನ್ನು ಕರೆದದ್ದು."

ಉಮಾನಾಥ ಬಗ್ಗಿ ನೋಡಿದ. ಮೂತಿಯ ಮೇಲಿನ ಲಂಗರು ಎತ್ತುವ ಯಂತ್ರಕ್ಕೆ ಹಲ್ಲುಗಳೂ ಇದ್ದವು.

"ನಕ್ಷೆ ಎಲ್ಲಿ ಸಿಕ್ಕಿತು?"

"ಕಂಪನಿಯವರೇ ಕೊಟ್ಟರು. ಒಬ್ಬನಿಗೆ ಸಮಾಧಿ ಅಂತ ಒಂದು ಬೇಕಲ್ವಾ ಬೋಸನ್? ಇಗರ್ಜಿಯ ಹಿಂದೆ ನನ್ನ ಅಪ್ಪ ಅಮ್ಮನಿಗೆ ಉಂಟು. ನನ್ನ ಮಗನಿಗೆ ಇಲ್ಲ." ಮೌರಿಸ್ ಹಡಗಿನ ಬೆನ್ನ ಮೇಲೆ ಕೈಯಿಟ್ಟ. "ಅವನು ಕೊನೆಗೆ ನಿಂತ ನೆಲ ಇದೇ. ಇದನ್ನಾದರೂ ಮನೆಯೊಳಗೆ ಇಟ್ಟುಕೊಳ್ಳುತ್ತೇನೆ."

"ರೋಸಿ ಬಾಯಿ ಎಂತ ಹೇಳುತ್ತಾರೆ?"

"ಅವಳು ಈ ಶೆಡ್ಡಿಗೆ ಕಾಲಿಟ್ಟಿಲ್ಲ."

*

ಬಣ್ಣದ ಕೆಲಸ ಶುರುವಾಯಿತು. ಉಮಾನಾಥ ಉಡುಪಿಗೆ ಹೋಗಿ ಚಿತ್ರ ಬಿಡಿಸುವವರ ಅಂಗಡಿಯಲ್ಲಿ ಟ್ಯೂಬು ಬಣ್ಣ, ಸಣ್ಣ ಬ್ರಷ್ಷುಗಳು, ಅಂಟುಪಟ್ಟಿ ತಂದ. ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ ಶಿರ್ವಕ್ಕೆ ಬರುತ್ತಿದ್ದ. ಗಾಳಿಯಲ್ಲಿ ತೇವವಿದ್ದುದರಿಂದ ಒಂದು ಕೋಟು ಒಣಗಲು ಬೇಕಾದಷ್ಟು ದಿನ ಹಿಡಿಯುತ್ತಿತ್ತು. ಮೊದಲು ಬೂದು ಪ್ರೈಮರ್. ನೀರೊಳಗೆ ಇರುವ ಭಾಗಕ್ಕೆ ಇಟ್ಟಿಗೆ ಕೆಂಪು, ಅದರ ಮೇಲೆ ಕಪ್ಪು, ಡೆಕ್ಕಿಗೆ ಹಸಿರು, ಕೋಣೆಗಳ ಅಂತಸ್ತಿಗೆ ಕೆನೆಬಣ್ಣ. ಕೆಂಪು ಕಪ್ಪು ಕೂಡುವ ಗೆರೆಯನ್ನು ಅವನು ಉಸಿರು ಬಿಗಿಹಿಡಿದು ಎಳೆದ. ಗುಂಡಿಗಳ ಪಕ್ಕದ ಗೋಡೆಯ ಮೇಲೆ ಒಂದರಿಂದ ಐದರವರೆಗೆ ಬಿಳಿ ಅಂಕೆಗಳನ್ನು ಅಳತೆಪಟ್ಟಿ ಹಿಡಿದು ಬರೆದ. ಮುಗಿದಾಗ ಹಡಗು ಆಗಷ್ಟೇ ನೀರಿಗಿಳಿಸಿದಂತೆ, ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

"ಆಯಿತು," ಎಂದ ಉಮಾನಾಥ.

ಮೌರಿಸ್ ಮೂತಿಯಿಂದ ಹಿಂಬದಿಯವರೆಗೆ ನಿಧಾನವಾಗಿ ಬೆರಳಾಡಿಸಿದ. ಕಣ್ಣನ್ನು ತೀರ ಹತ್ತಿರಕ್ಕೆ ಒಯ್ದು ನೋಡಿದ.

"ಹೊಳಪು ಉಂಟು, ಅಲ್ವಾ? ನನಗೆ ಹೊಳಪು ಕಾಣುತ್ತದೆ. ಇದು ಕಂಪನಿಯ ಆಫೀಸಿನ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಹಡಗು ಮಾರಾಯ. ಅವನು ಇದ್ದ ಹಡಗು ಎಲ್ಲಿ?"

"ನನ್ನ ಹಡಗು ಹೀಗೇ ಇತ್ತು."

"ಸುಳ್ಳು ಹೇಳಬೇಡ. ತುಕ್ಕು ಇಲ್ಲದ ಹಡಗು ಉಂಟಾ? ಹಳೆಯದು ಮಾಡಿಕೊಡು ಇದನ್ನು. ಆ ದಿನ ಹೇಗಿತ್ತೋ ಹಾಗೆ."

ಉಮಾನಾಥ ಆ ದಿನ ಮತ್ತೆ ಬ್ರಷ್ಷು ಮುಟ್ಟದೆ ಹೊರಟ. ಬಸ್ಸಿನಲ್ಲಿ ಕುಳಿತು ಯೋಚಿಸಿದ. ಒಂದು ತುಕ್ಕಿನ ಗೆರೆ ಕಂಡರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ ಮನುಷ್ಯನಿಗೆ ಈಗ ಕೈಯಾರೆ ತುಕ್ಕು ಹಚ್ಚು ಅಂದರೆ ಹೇಗೆ? ಆದರೆ ಅವನಿಗೆ ಇರಿಸುಮುರಿಸಾದದ್ದು ಅದೊಂದೇ ಕಾರಣಕ್ಕಲ್ಲ. ಎಲ್ಲೆಲ್ಲಿ ತುಕ್ಕಿತ್ತು ಎಂದು ನೆನಪಿಸಿಕೊಳ್ಳಬೇಕಾದರೆ ಆ ಹಡಗಿನ ಮೇಲೆ ಮತ್ತೆ ನಡೆಯಬೇಕು. ಹುಡುಗ ಪಕ್ಕದಲ್ಲೇ ನಡೆದುಬರುತ್ತಾನೆ.

ಮುಂದಿನ ವಾರ ಹೋದಾಗ ಅವನು ಮೊದಲು ಮಾಡಿದ್ದು ಹೊಳಪನ್ನು ಕೊಲ್ಲುವ ಕೆಲಸ. ಮಂಕು ವಾರ್ನಿಷಿನ ತೆಳು ಪದರ ಕೊಟ್ಟ. ಅದು ಒಣಗಿದ ಮೇಲೆ, ಲಂಗರಿನ ಸರಪಳಿ ಹೊರಬರುವ ತೂತಿನ ಕೆಳಗೆ ಸೂಜಿಯಂಥ ಬ್ರಷ್ಷಿನಿಂದ ಕಂದು ಬಣ್ಣದ ಒಂದು ಚುಕ್ಕೆ ಇಟ್ಟ. ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಇನ್ನೊಂದು ಬ್ರಷ್ಷಿನಿಂದ ಅದನ್ನು ಕೆಳಕ್ಕೆ ಎಳೆದ. ಚುಕ್ಕೆ ಕರಗಿ, ಮೇಲೆ ಗಾಢ, ಕೆಳಗೆ ತೆಳು, ಕಪ್ಪು ಬಣ್ಣದ ಮೇಲೆ ಕಣ್ಣೀರಿನಂತೆ ಇಳಿಯಿತು. ಈ ಅಳತೆಗೆ ಒಬ್ಬ ಮನುಷ್ಯನೆಂದರೆ ಕುಚ್ಚಿಲಕ್ಕಿಯ ಒಂದು ಅಗುಳು. ಅಗುಳಿನೆತ್ತರದ ಗೆರೆ ಎಳೆಯುವಾಗ ಕೈ ಕೂದಲಿನಷ್ಟು ಜಾರಿದರೂ ಹಡಗು ಗುಜರಿಯಂತೆ ಕಾಣುತ್ತದೆ.

"ಎಲ್ಲಿ ಹಚ್ಚಿದೆ?" ಎಂದ ಮೌರಿಸ್.

"ಲಂಗರಿನ ಬಾಯಿಗೆ. ಅಲ್ಲಿ ಯಾವಾಗಲೂ ಇರುತ್ತಿತ್ತು, ಎಷ್ಟು ಬಣ್ಣ ಹಚ್ಚಿದರೂ ಸರಪಳಿ ಕೆರೆದು ಹೋಗುತ್ತಿತ್ತು." ಅವನು ಬ್ರಷ್ಷು ಒರೆಸಿದ. ಆಮೇಲೆ ಯಾರೂ ಕೇಳದೆಯೇ ಹೇಳಿದ: "ಶೆಲ್ಡನ್ ಮೊದಲ ಸಲ ಹಗ್ಗದಿಂದ ಇಳಿಬಿಟ್ಟ ಹಲಗೆಯಲ್ಲಿ ಕುಳಿತು ಬಣ್ಣ ಹಚ್ಚಿದ್ದು ಇಲ್ಲೇ. ಸಿಂಗಾಪುರದ ಹೊರಗೆ. ಕೆಳಗೆ ನೋಡಬೇಡ ಅಂದಿದ್ದೆ. ಅವನು ನೋಡಿದ್ದೂ ಕೆಳಗೇ, ಹಾಡಿದ್ದೂ ಕೊಂಕಣಿಯಲ್ಲಿ. ಕೆಳಗೆ ದೋಣಿಯಲ್ಲಿದ್ದವರು ಚಪ್ಪಾಳೆ ಹೊಡೆದರು."

ಮೌರಿಸ್ ಮೇಜಿನ ಅಂಚನ್ನು ಹಿಡಿದುಕೊಂಡು ಕೂತಿದ್ದ. "ಮತ್ತೆ?" ಎಂದ.

ಹಾಗೆ ಮಾತು ಬಂತು. ತೆಂಗಿನ ಕರಟದ ಮಸಿಯನ್ನು ಹೊಗೆಕೊಳವೆಯ ಹಿಂದೆ ಒರೆಸುವಾಗ, ಹುಡುಗ ಅಲ್ಲಿ ಬೆಚ್ಚಗಿರುತ್ತದೆಂದು ಬಟ್ಟೆ ಒಣಗಿಸಿ ಅಂಗಿಯನ್ನೆಲ್ಲ ಕರಿ ಮಾಡಿಕೊಂಡದ್ದು. ಹಡಗನ್ನು ತಳ್ಳುವ ಟಗ್ ದೋಣಿಗಳು ಒತ್ತಿ ಉಜ್ಜಿದ ಕಲೆಗಳನ್ನು ಪಾಲಿಶ್ ಪೇಪರಿನಿಂದ ಎಬ್ಬಿಸುವಾಗ, ಬ್ರೆಜಿಲಿನ ಬಂದರಿನಲ್ಲಿ ಅವನು ಟಗ್ಗಿನವನ ಜತೆ ಟೋಪಿ ಬದಲಾಯಿಸಿಕೊಂಡದ್ದು. ಗುಂಡಿಗಳ ಸುತ್ತ ಕಲ್ಲಿದ್ದಲ ಧೂಳು ಕೂರಿಸುವಾಗ ಅವನ ಕೆಮ್ಮು, ಕೆಮ್ಮಿಗೆ ಅವನು ಕುಡಿಯುತ್ತಿದ್ದ ಕರಿಮೆಣಸಿನ ಕಷಾಯ. ಉಮಾನಾಥ ಹೇಳುತ್ತಿದ್ದ, ಮೌರಿಸ್ ಬೆರಳಿನಿಂದ ಆ ಜಾಗವನ್ನು ಹುಡುಕಿ ಮುಟ್ಟುತ್ತಿದ್ದ. ಅಡುಗೆಮನೆಯ ಕಿಟಕಿಯ ಆಚೆ ಪಾತ್ರೆಯ ಸದ್ದು ಒಮ್ಮೊಮ್ಮೆ ನಿಂತುಹೋಗುವುದು ಉಮಾನಾಥನ ಗಮನಕ್ಕೆ ಬಂದಿತ್ತು. ಅವನು ಆ ಕಡೆ ತಿರುಗಿ ನೋಡಲಿಲ್ಲ.

*

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ರೋಸಿ ಶೆಡ್ಡಿನ ಬಾಗಿಲಿಗೆ ಬಂದಳು. ಮೌರಿಸ್ ಮಾತು ನಿಲ್ಲಿಸಿದ. ಅವಳು ಮೇಜಿನವರೆಗೆ ಬಂದು ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು ಹಡಗನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಎಲ್ಲ ಕಡೆ ಹಚ್ಚಿದಿರಿ. ಕಂಬಿಗೆ ಯಾಕೆ ಹಚ್ಚಲಿಲ್ಲ?"

ಉಮಾನಾಥನಿಗೆ ಅರ್ಥವಾಗಲಿಲ್ಲ. "ಕಂಬಿಗಾ?"

"ಈ ಬೇಲಿಗೆ. ಅದು ತುಕ್ಕು ಹಿಡಿದು ಹೋಗಿತ್ತಲ್ವಾ? ನನ್ನ ಮಗ ಕೈ ಊರಿದಾಗ ಮುರಿದದ್ದು ಅದೇ ಅಲ್ವಾ? ಹಳೆಯ ಹಡಗುಗಳಲ್ಲಿ ಎಲ್ಲ ಹಾಗೇ, ಮೇಲೆ ಬಣ್ಣ, ಒಳಗೆ ಟೊಳ್ಳು ಅಂತ ಬೆಳ್ಮಣ್ಣಿನಿಂದ ಬಂದಿದ್ದ ಒಬ್ಬರು ಹೇಳಿದರು. ಅಲ್ಲಿಯೂ ಹಚ್ಚಿ. ಎಲ್ಲಿ ಮುರಿಯಿತೋ ಅಲ್ಲಿ. ನಾನು ಅದನ್ನು ನೋಡಬೇಕು."

"ರೋಸಿ," ಎಂದ ಮೌರಿಸ್.

"ನೀವು ಸುಮ್ಮನಿರಿ. ನಾನು ಅವರನ್ನು ಕೇಳಿದ್ದು."

ಉಮಾನಾಥ ಬ್ರಷ್ಷನ್ನು ಕೆಳಗಿಟ್ಟ. ಮೂರು ವರ್ಷ ಈ ಹೆಂಗಸು ಏನನ್ನು ನಂಬಿಕೊಂಡು ಬದುಕಿದ್ದಾಳೆಂದು ಅವನಿಗೆ ಆಗ ತಿಳಿಯಿತು. ಹೌದು ಅಂದುಬಿಟ್ಟರೆ ಏನು ಹೋಗುತ್ತದೆ? ಒಂದು ಚುಕ್ಕೆ ಕಂದು ಬಣ್ಣ. ಹಡಗು ಯಾವಾಗಲೋ ಗುಜರಿಗೆ ಹೋಗಿ ಕರಗಿದೆ.

"ಇಲ್ಲ ಬಾಯಿ," ಎಂದ. "ಕಂಬಿ ಮುರಿಯಲಿಲ್ಲ. ಆ ಬದಿಯ ಕಂಬಿಯನ್ನು ಆ ವರ್ಷವೇ ಹೊಸದು ಹಾಕಿಸಿದ್ದೆ. ಅವನು ಕಂಬಿಯ ಹತ್ತಿರ ಇರಲೇ ಇಲ್ಲ."

"ಮತ್ತೆ ಎಲ್ಲಿದ್ದ?"

ಅವನು ಬೆರಳಿಟ್ಟು ತೋರಿಸಿದ. ಮುಂದಿನಿಂದ ಮೊದಲನೆಯ ಕ್ರೇನಿನ ಬುಡ, ಬಲಬದಿ.

"ಇಲ್ಲಿ. ಮೂತಿಯ ಹತ್ತಿರ ಒಂದು ಗಾಳಿಕೊಳವೆಯ ಮುಚ್ಚಳ ಬಿಚ್ಚಿ ಒಳಗೆ ನೀರು ಹೋಗುತ್ತಿತ್ತು. ಮುಚ್ಚದಿದ್ದರೆ ಹಡಗಿಗೇ ಅಪಾಯ. ಕ್ಯಾಪ್ಟನ್ ಹಡಗಿನ ವೇಗ ಇಳಿಸಿ, ತಿರುಗಿಸಿ, ಡೆಕ್ಕಿಗೆ ನೀರು ಬಾರದ ಹಾಗೆ ನೋಡಿಕೊಂಡರು. ಮೂವರು ಹೋದೆವು. ನಾನು, ಒಬ್ಬ ಫಿಲಿಪಿನ್ಸಿನವ, ಶೆಲ್ಡನ್. ಸೊಂಟಕ್ಕೆ ಪಟ್ಟಿ, ಪಟ್ಟಿಯ ಕೊಕ್ಕೆ ಡೆಕ್ಕಿನುದ್ದಕ್ಕೂ ಬಿಗಿದ ಹಗ್ಗಕ್ಕೆ. ಹೋದೆವು, ಮುಚ್ಚಿದೆವು, ಭದ್ರ ಮಾಡಿದೆವು. ವಾಪಸು ಬರುವಾಗ ಈ ಕ್ರೇನಿನ ಹತ್ತಿರ ಒಂದು ಹಗ್ಗ ಮುಗಿದು ಇನ್ನೊಂದು ಶುರುವಾಗುತ್ತದೆ. ಕೊಕ್ಕೆ ಬಿಡಿಸಿ ಅದಕ್ಕೆ ಹಾಕಬೇಕು. ನಾನು ಹಾಕಿದೆ. ಫಿಲಿಪಿನ್ಸಿನವ ಹಾಕಿದ. ಶೆಲ್ಡನ್ ಬಿಡಿಸಿದ." ಉಮಾನಾಥನ ಬೆರಳು ಕ್ರೇನಿನ ಬುಡದಲ್ಲೇ ಇತ್ತು. "ಅಷ್ಟರಲ್ಲಿ ಬಂತು. ಅಂಥ ತೆರೆ ಆ ದಿನ ಅದರ ಮೊದಲೂ ಇಲ್ಲ, ಆಮೇಲೂ ಇಲ್ಲ. ನೀರು ಇಳಿದಾಗ ನಾನು ಹಗ್ಗದಲ್ಲಿ ನೇತಾಡುತ್ತಿದ್ದೆ. ಅವನು ಇರಲಿಲ್ಲ."

"ಕಿರುಚಿದನಾ?"

"ಇಲ್ಲ. ಸಮಯ ಇರಲಿಲ್ಲ. ನೀರಿಗೆ ಬಿದ್ದವನನ್ನು ನಾನು ನೋಡಲೂ ಇಲ್ಲ. ಎರಡು ದಿನ ಅಲ್ಲೇ ಸುತ್ತಿದೆವು. ಬೇರೆ ಹಡಗುಗಳೂ ಬಂದವು."

ರೋಸಿಯ ಮುಖ ಬಿಗಿದುಕೊಂಡಿತ್ತು. "ಹಾಗಾದರೆ ಯಾರ ತಪ್ಪು?"

"ಯಾರದ್ದೂ ಅಲ್ಲ ಬಾಯಿ."

"ಹಾಗೆ ಹೇಳಬೇಡಿ!" ಅವಳು ಮೇಜಿಗೆ ಕೈ ಅಪ್ಪಳಿಸಿದಳು. ಹಡಗು ಅಲುಗಿತು. "ತುಕ್ಕು ಇತ್ತು ಅಂತ ಹೇಳಿ. ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಾದರೂ ಹೇಳಿ. ಮೂರು ವರ್ಷ ದಿನಾ ಬೆಳಿಗ್ಗೆ ಎದ್ದು ಆ ಕಂಬಿಗೆ ಶಾಪ ಹಾಕಿದ್ದೇನೆ. ನಿಮಗೂ ಹಾಕಿದ್ದೇನೆ, ಉಮಾನಾಥಣ್ಣ. ಈಗ ನಾನು ಯಾರಿಗೆ ಬೈಯಲಿ? ದೇವರಿಗಾ?"

ಅವಳು ಹೊರಗೆ ಹೋದಳು. ಒಳಗೆಲ್ಲೋ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಮೌರಿಸ್ ತಲೆ ತಗ್ಗಿಸಿ ಕೂತಿದ್ದ. "ನನಗೂ ಕೊಕ್ಕೆಯ ವಿಷಯ ಗೊತ್ತಿರಲಿಲ್ಲ," ಎಂದ. "ಕಾಗದದಲ್ಲಿ ‘ಪ್ರತಿಕೂಲ ಹವಾಮಾನ’ ಅಂತ ಬರೆದಿದ್ದರು. ನೀನು ಹೇಳಿದ್ದು ಒಳ್ಳೆಯದಾಯಿತು. ಈಗ ಮನೆಗೆ ಹೋಗು."

*

ಎರಡು ವಾರ ಉಮಾನಾಥ ಹೋಗಲಿಲ್ಲ. ಕಾಪುವಿನ ಮನೆಯ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದ. ಅರ್ಧ ಉಜ್ಜಿದ ಗೇಟಿಗೆ ಮತ್ತೆ ತುಕ್ಕು ಹಿಡಿಯುತ್ತಿತ್ತು, ಅವನು ಮುಟ್ಟಲಿಲ್ಲ.

"ಹೇಳಬಾರದಿತ್ತು ನಾನು," ಎಂದ ಚಂಪಾಳ ಹತ್ತಿರ. "ಒಂದು ಚುಕ್ಕೆ ಹಚ್ಚಿ ಬರಬಹುದಿತ್ತು."

ಚಂಪಾ ಮೀನು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹಚ್ಚಿದ್ದರೆ ಅವರು ದಿನಾ ಅದನ್ನೇ ನೋಡಿಕೊಂಡು ಇರಬೇಕಿತ್ತು. ಇಲ್ಲದ ಸಂಗತಿಯನ್ನು. ನೀವು ಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು ಅಂತ ನನಗೆ ಅನಿಸುತ್ತದೆ. ಆದರೆ ಅವರು ಕೇಳಲಿಲ್ಲ, ನಿಮಗೆ ಬಾಯಿ ಬರಲಿಲ್ಲ. ಅದಕ್ಕೆ ಯಾರು ಎಂತ ಮಾಡಲಿಕ್ಕೆ ಆಗುತ್ತದೆ?"

ಮಳೆ ಬಿಟ್ಟ ಮೇಲೆ ಒಂದು ದಿನ ಫೋನು ಬಂತು. ಮೌರಿಸನ ನಂಬರು, ಧ್ವನಿ ರೋಸಿಯದು.

"ಉಮಾನಾಥಣ್ಣ, ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ ಹೇಗೆ? ಬನ್ನಿ." ಕೊನೆಗೆ, "ಚಂಪಕ್ಕನನ್ನೂ ಕರೆದುಕೊಂಡು ಬನ್ನಿ," ಎಂದಳು.

ಇಬ್ಬರೂ ಹೋದರು. ಈ ಸಲ ರೋಸಿ ಶೆಡ್ಡಿನಲ್ಲೇ ಇದ್ದಳು, ಮೌರಿಸನ ಪಕ್ಕದ ಕುರ್ಚಿಯಲ್ಲಿ. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. ಕಂಬಿಬೇಲಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

"ಎಂತ ಬಾಕಿ ಉಂಟು?" ಎಂದಳು.

"ಉಪ್ಪು," ಎಂದ ಉಮಾನಾಥ. "ತೆರೆ ಹೊಡೆದು ಒಣಗಿದ ಮೇಲೆ ಬಿಳಿ ಕಟ್ಟುತ್ತದೆ. ಅದೊಂದು ತೆಳ್ಳಗೆ ಕೊಟ್ಟರೆ ಮುಗಿಯಿತು."

ಅವನು ಬಿಳಿ ಬಣ್ಣವನ್ನು ನೀರಿನಂತೆ ತೆಳು ಮಾಡಿ ಡೆಕ್ಕಿನ ಅಂಚಿಗೆ, ಗುಂಡಿಗಳ ಬದಿಗೆ ಮುಟ್ಟಿಸುತ್ತ ಬಂದ. ಮೂವರೂ ನೋಡುತ್ತಿದ್ದರು. ಮೂರನೆಯ ಗುಂಡಿಯ ಹತ್ತಿರ ಬಂದಾಗ ಅವನ ಕೈ ನಿಂತಿತು.

"ಎಂತಾಯಿತು?" ಎಂದ ಮೌರಿಸ್.

"ಇಲ್ಲಿ ಒಂದು ತಪ್ಪು ಉಂಟು. ನಾನು ಸರಿ ಮಾಡಿ ಬರೆದಿದ್ದೇನೆ. ಹಡಗಿನಲ್ಲಿ ಸರಿ ಇರಲಿಲ್ಲ." ಅವನು ರೋಸಿಯ ಕಡೆ ನೋಡಿದ. "ಬಿರುಗಾಳಿಗೆ ಮೊದಲಿನ ದಿನ ಈ ಅಂಕೆಗಳಿಗೆ ಬಣ್ಣ ಕೊಡಲಿಕ್ಕೆ ಶೆಲ್ಡನ್‌ಗೆ ಹೇಳಿದ್ದೆ. ಅಚ್ಚಿನ ತಗಡು ಎಲ್ಲೋ ಬಿದ್ದುಹೋಗಿತ್ತು. ಕೈಯಲ್ಲೇ ಬರೆಯುತ್ತೇನೆ ಬೋಸನ್ ಅಂಕಲ್ ಅಂದ. ಒಂದು, ಎರಡು ಚೆನ್ನಾಗಿಯೇ ಬಂತು. ಮೂರು ಬರೆದ. ಕೆಳಗಿನ ಹೊಟ್ಟೆ ಊದಿಕೊಂಡು, ಬಾಲ ಉದ್ದವಾಗಿ, ಬಣ್ಣ ಇಳಿದು ಬಂತು. ನಾನು ಬೈದೆ. ಇದೆಂತ, ಬಸುರಿ ಹೆಂಗಸಾ, ಒರೆಸಿ ಬೇರೆ ಬರಿ ಅಂದೆ. ನಾಳೆ ಬರೆಯುತ್ತೇನೆ ಅಂತ ನಕ್ಕ. ಆಮೇಲೆ ಗಾಳಿ ಎದ್ದಿತು."

ರೋಸಿ ಮುಂದಕ್ಕೆ ಬಾಗಿ ಆ ಅಂಕೆಯನ್ನು ನೋಡಿದಳು.

"ಅವನು ಹೋದ ಮೇಲೆ ಎರಡನೇ ಆಫೀಸರು ಬಂದು, ಬೋಸನ್ ಅದನ್ನು ಸರಿ ಮಾಡಿಸು ಅಂದರು. ನಾನು ಮಾಡಿಸಲಿಲ್ಲ. ಹಡಗಿನಿಂದ ಇಳಿಯುವವರೆಗೂ ಯಾರಿಗೂ ಅದನ್ನು ಮುಟ್ಟಲಿಕ್ಕೆ ಬಿಡಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ತಿಳಿದೂ ತಿಳಿದೂ ಹಾಗೇ ಬಿಟ್ಟದ್ದು ಅದೊಂದೇ."

"ಹೊಟ್ಟೆ ಊದಿದ ಮೂರು," ಎಂದಳು ರೋಸಿ. ಅವಳ ಧ್ವನಿ ಬೇರೆಯಾಗಿತ್ತು. "ಮೇಲಿನದ್ದು ಸಣ್ಣ, ಕೆಳಗಿನದ್ದು ದೊಡ್ಡ. ಬಾಲ ಒಳಗೆ ಸುತ್ತಿಕೊಳ್ಳುತ್ತದೆ ಅಲ್ವಾ?"

"ಹೌದು. ಹಾಗೇ."

"ಒಂದನೇ ಕ್ಲಾಸಿನಿಂದ ಅವನ ಮೂರು ಹಾಗೇ. ಎಷ್ಟು ಸಲ ಕೈ ಹಿಡಿದು ಬರೆಸಿದ್ದೇನೆ. ಟೀಚರು ಕೂಡ ಬರೆಸಿದ್ದಾರೆ. ಅದು ಬದಲಾಗಲೇ ಇಲ್ಲ." ಅವಳು ಎದ್ದು ನಿಂತು ಕೈ ನೀಡಿದಳು. "ಆ ಬ್ರಷ್ಷು ಕೊಡಿ ಇಲ್ಲಿ."

ಉಮಾನಾಥ ತಾನು ಬರೆದ ನೇರ ಅಂಕೆಯನ್ನು ಟರ್ಪೆಂಟೈನಿನ ಬಟ್ಟೆಯ ತುದಿಯಿಂದ ಒರೆಸಿದ. ಕೆಳಗಿನ ಬಣ್ಣಕ್ಕೆ ಒಂದಿಷ್ಟು ತಾಗಿತು; ಅವನು ಅದನ್ನು ತಿದ್ದಲಿಲ್ಲ. ಅತಿ ಸಣ್ಣ ಬ್ರಷ್ಷನ್ನು ಬಿಳಿಗೆ ಅದ್ದಿ ಅವಳಿಗೆ ಕೊಟ್ಟ. ರೋಸಿ ಮುಂಗೈಯನ್ನು ಮೇಜಿಗೆ ಊರಿದಳು. ಕೇಕಿನ ಮೇಲೆ ಸಕ್ಕರೆಯ ಎಳೆ ಎಳೆದು ಪಳಗಿದ ಕೈ ಅದು. ಮೇಲಿನ ಸಣ್ಣ ಬಿಲ್ಲು, ಕೆಳಗಿನ ದೊಡ್ಡ ಬಿಲ್ಲು, ಒಳಕ್ಕೆ ಸುತ್ತಿದ ಬಾಲ. ಅದರ ತುದಿಯಿಂದ ಒಂದು ಹನಿ ಬಣ್ಣವನ್ನು ಇರುವೆಯ ಕಾಲಿನಷ್ಟು ಕೆಳಕ್ಕೆ ಇಳಿಸಿದಳು.

"ಹೀಗಾ?"

ಉಮಾನಾಥ ಬಗ್ಗಿ ನೋಡಿದ. ಡೆಕ್ಕಿನ ಮೇಲೆ ನಿಂತು ಮುಂಗೋಪದಿಂದ ಹುಡುಗನಿಗೆ ಬೈದ ಆ ಬೆಳಿಗ್ಗೆ ಕಣ್ಣೆದುರು ಬಂತು. ತಲೆಯಾಡಿಸಿದ. ಚಂಪಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮೌರಿಸ್ ಬೆರಳು ಚಾಚಿದಾಗ ರೋಸಿ ಅದನ್ನು ತಡೆದು, "ಹಸಿ ಉಂಟು, ಈಗ ಮುಟ್ಟಬೇಡಿ," ಎಂದು ಆ ಕೈಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡಳು.

ಆ ದಿನ ಊಟ ಅಲ್ಲೇ ಆಯಿತು. ಬಂಗುಡೆಯ ಸಾರು ಬಡಿಸುತ್ತಾ ರೋಸಿ ಕೇಳಿದಳು:

"ಅವನು ಅಲ್ಲಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದನಾ?"

ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ವಿಚಾರಣೆಯವರು ಗಾಳಿಯ ವೇಗ ಕೇಳಿದ್ದರು, ಹಗ್ಗದ ದಪ್ಪ ಕೇಳಿದ್ದರು.

"ಮೊದಲು ಮಾಡುತ್ತಿರಲಿಲ್ಲ," ಎಂದ ಉಮಾನಾಥ. "ಅಡುಗೆಯವ ಬಂಗಾಳದವ. ಅವನ ಮೀನಿನ ಸಾರಿಗೆ ಹುಳಿಯೇ ಇಲ್ಲ, ಮಮ್ಮಿ ಹೀಗೆ ಮಾಡುವುದಿಲ್ಲ ಅಂತ ದಿನಾ ಜಗಳ. ಕೊನೆಗೆ ಒಂದು ದಿನ ತಾನೇ ಅಡುಗೆಮನೆಗೆ ನುಗ್ಗಿ, ನೀವು ಕಳಿಸಿದ್ದ ಬಿಂಬುಳಿಯ ಉಪ್ಪಿನಕಾಯಿ ಬಾಟಲಿಯನ್ನು ಪೂರಾ ಪಾತ್ರೆಗೆ ಸುರಿದ."

"ದೇವಾ! ಪೂರಾ?"

"ಪೂರಾ. ಕ್ಯಾಪ್ಟನ್ ಒಂದು ತುತ್ತು ಬಾಯಿಗಿಟ್ಟು, ಇದನ್ನು ಯಾರು ಮಾಡಿದ್ದು ಅಂತ ಕೇಳಿದರು. ನಾವೆಲ್ಲ ತಟ್ಟೆ ನೋಡಿಕೊಂಡು ಕೂತೆವು."

ರೋಸಿಯ ಕೈಯ ಸೌಟು ಪಾತ್ರೆಯ ಮೇಲೆ ನಿಂತೇ ಇತ್ತು. ಅವಳು ಅದನ್ನು ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಉಮಾನಾಥನ ಎದುರಿಗೇ ಕೂತಳು.

ಸಂಜೆಯ ಬಸ್ಸು ತಪ್ಪಿತು. ಆಟೋದಲ್ಲಿ ವಾಪಸಾಗುವಾಗ ಚಂಪಾ, "ಕೆಲಸ ಮುಗಿಯಿತಲ್ಲ," ಎಂದಳು.

"ಹಡಗಿನದ್ದು ಮುಗಿಯಿತು," ಎಂದ ಉಮಾನಾಥ. "ಬರುವ ಗುರುವಾರ ಮತ್ತೆ ಬರಲಿಕ್ಕೆ ಹೇಳಿದ್ದಾರೆ. ಹುಡುಗ ಹಡಗು ಹತ್ತಿದ ಮೊದಲ ವರ್ಷದ್ದೆಲ್ಲ ಕೇಳಬೇಕಂತೆ."